ಮುಂದಿನ ಸಾಲು ಮೇಜು ಕುಟ್ಟಲಿಲ್ಲ

ಹಿಲ್ಟ್ರೂಡ್ ಅಕ್ಕಾ,

ಕೆಲಸ ಹುಡುಕಿ ಬಂದ ಒಂಬತ್ತನೇ ಊರಿನ ರೈಲು ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಪ್ರೊಫೆಸರ್ ಹುದ್ದೆಗಾಗಿ ಇವತ್ತು ಪರೀಕ್ಷಾ ಉಪನ್ಯಾಸ ಕೊಟ್ಟೆ. ವಿಷಯ ನಿನಗೂ ಬಾಯಿಪಾಠವಾಗಿರುವುದೇ: ನಾನೂರು ವರ್ಷದ ಹಿಂದೆ, ಕಸುಬು ಕಲಿತರೂ ಸ್ವಂತ ಅಂಗಡಿ ಇಡಲು ಅಪ್ಪಣೆ ಸಿಗದೆ ಊರೂರು ಅಲೆದ ನಮ್ಮ ಬಡಗಿಗಳು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಕೊನೆಯಲ್ಲಿ ಆಯ್ಕೆ ಸಮಿತಿಯ ಹಿರಿಯರೊಬ್ಬರು ಕಿವಿಯ ಯಂತ್ರ ಸರಿಪಡಿಸಿಕೊಂಡು ಕೇಳಿದರು, “ಅಲ್ರೀ, ಅಷ್ಟು ಚೆನ್ನಾಗಿ ಕೆಲ್ಸ ಬರೋರಿಗೆ ಅಪ್ಪಣೆ ಯಾಕ್ರೀ ಸಿಗ್ತಿರ್ಲಿಲ್ಲ?”

“ಅಪ್ಪಣೆ ಕೊಡೋ ಮುದುಕರು ಕುರ್ಚಿ ಬಿಟ್ಟು ಏಳ್ತಿರ್ಲಿಲ್ಲ ಸಾರ್,” ಎಂದುಬಿಟ್ಟೆ. ದಾಖಲೆಯಲ್ಲಿ ಇರುವುದೇ ಅದು.

ಹಿಂದಿದ್ದ ವಿದ್ಯಾರ್ಥಿಗಳು ಮೆಚ್ಚಿ ಮೇಜು ಕುಟ್ಟಿದ ರಭಸಕ್ಕೆ ನನ್ನ ಲೋಟದ ನೀರು ತುಳುಕಿತು. ಸಮಿತಿ ಕೂತಿದ್ದ ಮುಂದಿನ ಸಾಲಿನಲ್ಲಿ ಒಂದು ಬೆರಳೂ ಅಲುಗಾಡಲಿಲ್ಲ.

ಹೊರಗೆ ವೀಬ್ಕೆ ಸಿಕ್ಕಳು. ನನ್ನ ಹಳೆಯ ಶಿಷ್ಯೆ, ಈಗ ಇಲ್ಲಿ ಪ್ರೊಫೆಸರ್. “ಇಷ್ಟು ಜೋರಾಗಿ ಕುಟ್ಟಿದ್ದು ಈ ಹಾಲ್‌ನಲ್ಲಿ ನಾನು ಕೇಳೇ ಇಲ್ಲ ಸಾರ್,” ಎಂದಳು. ಆಮೇಲೆ ದನಿ ತಗ್ಗಿಸಿ, “ಆದ್ರೆ ಓಟು ಇರೋದು ಮುಂದಿನ ಸಾಲಿಗೆ.”

ಮಂಡಿನೋವು ಪರವಾಗಿಲ್ಲ. ಕರಿ ಕೋಟಿನ ಗುಂಡಿ ಕಿತ್ತುಹೋಗಿದೆ, ಭಾನುವಾರ ನಾನು ಬಂದಾಗ ಹೊಲಿದುಕೊಡು, ಹನ್ನೆರಡನೇ ತಾರೀಕು ಹತ್ತನೇ ಊರಿಗೆ ಹೋಗಬೇಕು. ಅಲ್ಲಿನ ಸಮಿತಿಗೆ ಹೊರಗಿನ ಸದಸ್ಯರಾಗಿ ಬರುವವರೂ ಇದೇ ಕಿವಿಯ ಯಂತ್ರದ ಹಿರಿಯರೇ ಅಂತೆ. ಅವತ್ತು ಅವರ ಬ್ಯಾಟರಿ ಮುಗಿದಿರಲಿ ಎಂದು ಚರ್ಚಿನಲ್ಲಿ ಒಂದು ಮೇಣದಬತ್ತಿ ಹಚ್ಚು.

ರೈಲು ಬಂತು.

ನಿನ್ನ ತಮ್ಮ,
ಎಗ್ಬರ್ಟ್