ನಾನು ಪ್ರಯೋಗ ಮಾಡಿದ್ದೇನೆ, ನಂಬಿ

ಬೆಂಗಳೂರಿನ ಹೊಸ ಪ್ರಯೋಗಶಾಲೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಸುಣ್ಣ, ಗಾರೆ, ಕಲ್ಲುಗಳ ಪರೀಕ್ಷೆಗೆಂದು ತಾವು ಅರ್ಜಿ ಕರೆದಿದ್ದ ಸಹಾಯಕನ ಹುದ್ದೆ ನನಗೆ ತಪ್ಪಿತು. ಕಾರಣವಿಷ್ಟೇ, ನಮ್ಮೂರಿನವರು ನನ್ನನ್ನು ಬಹಳ ಒಳ್ಳೆಯವನೆಂದು ಹೇಳಿಬಿಟ್ಟರು. ಒಳ್ಳೆಯ ಹೆಸರಿನಿಂದಲೇ ಕೆಟ್ಟವನು ಈ ಸಂಸ್ಥಾನದಲ್ಲಿ ನಾನೊಬ್ಬನೇ ಇರಬೇಕು.

ನಾನು ರಸಾಯನಶಾಸ್ತ್ರ ಓದಿದ ಬಿ.ಎ. ಮಾರಿಕಣಿವೆಯ ಅಣೆಕಟ್ಟೆ ಏಳುವುದನ್ನು ನೋಡುತ್ತ ಬೆಳೆದವನು. ನೀರಿಗೆ ಜಗ್ಗದ ಗಾರೆ ಮಾಡುವ ಹುಚ್ಚು ಅಲ್ಲೇ ಹಿಡಿಯಿತು. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿ, ಬಿಲ್ಲೆ ಕಟ್ಟಿ, ಅವ್ವನ ಪಾತ್ರೆಗಳಲ್ಲೆಲ್ಲ ನೆನೆಹಾಕಿದೆ. ಮನೆಯಲ್ಲಿ ಸಾರು ಕಾಯಿಸಲು ಪಾತ್ರೆ ಉಳಿಸದ ಮಹಾ ವಿಜ್ಞಾನಿ ನಾನು. ಹಿತ್ತಲಲ್ಲಿ ಮೊದಲು ಕಟ್ಟಿದ ತೊಟ್ಟಿ ಕುಸಿದು ಎಮ್ಮೆಯ ಕಾಲು ಮುರಿಯುವುದರಲ್ಲಿತ್ತು. ಈಗಿನದು ಸೋರದೆ ನಿಂತಿದೆ. ಅರ್ಜಿಯಲ್ಲಿ ಅದನ್ನೇ ಬರೆದಿದ್ದೆ.

ನಿಜವೋ ಸುಳ್ಳೋ ತಿಳಿಯಲು ತೊಟ್ಟಿಗೆ ನೀರು ಹಾಕಿ ನೋಡಿದ್ದರೆ ಸಾಕಿತ್ತು. ವಿಜ್ಞಾನಿಗಳಾದ ತಾವು ಕಂದಾಯ ವಸೂಲಿಯ ಶೇಕದಾರರನ್ನು ವಿಚಾರಣೆಗೆಂದು ನಮ್ಮೂರು ಆದಿವಾಲಕ್ಕೆ ಅಟ್ಟಿದಿರಿ. ಅವರು ನಮ್ಮ ಜಗಲಿಯ ಮೇಲೆ ಕೂತು, ನೆರೆದವರನ್ನು ಕೇಳಿದರು: “ಈ ಪಂಚಾಕ್ಷರಪ್ಪ ಪ್ರಯೋಗ ಗಿಯೋಗ ಮಾಡಿದಾನೇನ್ರಪ್ಪ?”

ಸ್ವಾಮಿ, ನಮ್ಮ ಕಡೆ ಪ್ರಯೋಗ ಎಂದರೆ ಮಾಟ! ಇದನ್ನು ತಿಳಿಯಲು ಯಾವ ಉಪಕರಣ ಬೇಕಿತ್ತು?

ಪಕ್ಕದ ಮನೆಯ ಜಂಪಣ್ಣ ಎದ್ದೇ ನಿಂತನಂತೆ. “ಅಂಥಾ ಮಾತು ಆಡಬ್ಯಾಡ್ರಿ. ನಮ್ ಹುಡುಗ ಯಾರ ಮ್ಯಾಲೂ ಪ್ರಯೋಗ ಮಾಡಿದೋನಲ್ಲ.” ಅವ್ವ ಬಾಗಿಲಿಂದಲೇ ಕೂಗಿದಳು: “ಇವನು ನಿಂಬೆಹಣ್ಣು ಕುಯ್ಯೋದು ಪಾನಕಕ್ಕೆ ಮಾತ್ರ ಕಣ್ರಿ!”

ಆಗ ಭಾವೀ ಅಧಿಕಾರಿಯಾದ ನಾನೆಲ್ಲಿದ್ದೆ? ಒಳಗೆ, ಕನ್ನಡಿಯ ಮುಂದೆ ಜರಿ ರುಮಾಲು ಸುತ್ತುತ್ತಿದ್ದೆ. ಹೊರಗೆ ನನ್ನ ಗುಣಗಾನ ನಡೆದಿದೆಯೆಂದು ಹಿಗ್ಗಿ, ಬಿಚ್ಚಿ ಇನ್ನೊಮ್ಮೆ ಸುತ್ತಿದೆ. ರುಮಾಲು ಕೂರುವಷ್ಟರಲ್ಲಿ ಶೇಕದಾರರ ಕುದುರೆ ಊರು ದಾಟಿತ್ತು.

“ಅರ್ಜಿದಾರರಿಗೆ ಪ್ರಯೋಗದ ಅನುಭವವಿಲ್ಲವೆಂದು ವಿಚಾರಣೆಯಿಂದ ದೃಢಪಟ್ಟಿದೆ” ಎಂದು ತಾವು ಬರೆದಿರಿ. ಹೇಳಿಕೆ ಬದಲಿಸೆಂದು ಜಂಪಣ್ಣನ ಕಾಲಿಗೆ ಬಿದ್ದೆ. “ಲೇ, ಸರ್ಕಾರದ ಮುಂದೆ ನಿನ್ ಮಾನ ಕಾಯ್ದೀವಿ. ಮಾಡಿದಾನೆ ಅಂತ ಈಗ ಹೇಳಿದ್ರೆ ನಿನಗೆ ಹೆಣ್ಣು ಕೊಡೋರ್ಯಾರಲೇ?” ಎಂದ. ಅವನಿಗೆ ಏನೆಂದು ಬಿಡಿಸಿ ಹೇಳಲಿ? ಹೇಳಹೋದಷ್ಟೂ ಜನ ನನ್ನನ್ನು ಅನುಮಾನದಿಂದ ನೋಡತೊಡಗಿದರು.

ಹುದ್ದೆ ಇನ್ನೂ ಖಾಲಿ ಇದೆಯೆಂದು ಪತ್ರಿಕೆಯಲ್ಲಿ ಓದಿದೆ. ಮಾನ್ಯರೇ, ನಗೆಯಾಟ ಸಾಕು, ಆ ಕೆಲಸ ನನಗೆ ನಿಜಕ್ಕೂ ಬೇಕು. ಬೇರೇನನ್ನೂ ನಾನು ಇಷ್ಟು ಆಸೆಪಟ್ಟಿಲ್ಲ. ನನ್ನ ನಡತೆಯನ್ನು ಬಿಟ್ಟು ನನ್ನ ಗಾರೆಯನ್ನು ಪರೀಕ್ಷಿಸಿ. ಬಿಲ್ಲೆಗಳನ್ನು ಹೊತ್ತು ನಾನೇ ಬರುತ್ತೇನೆ, ತಮ್ಮ ಕೈಯಾರೆ ಒಡೆದು ನೋಡಿ. ಪುಡಿಯಾದರೆ ಮರುಮಾತಾಡದೆ ಊರಿಗೆ ಮರಳುತ್ತೇನೆ.

ದಯವಿಟ್ಟು ಬೇಗ ಕರೆಸಿ. ತಮ್ಮ ತಿರಸ್ಕಾರದ ಪತ್ರಕ್ಕೆ ಅವ್ವ ವಿಭೂತಿ ಹಚ್ಚಿ ದೇವರ ಗೂಡಿನಲ್ಲಿಟ್ಟಿದ್ದಾಳೆ. ಮನೆಗೆ ಬಂದವರಿಗೆಲ್ಲ ತೋರಿಸಿ ಹೆಮ್ಮೆಯಿಂದ ಹೇಳುತ್ತಾಳೆ: “ನೋಡ್ರಿ, ನನ್ ಮಗ ಏನೂ ಮಾಡಿಲ್ಲ ಅಂತ ಬೆಂಗಳೂರಿನೋರೇ ಬರ್ದು ಕೊಟ್ಟಾರೆ.”

ಇಂತಿ,
ಊರಿನ ಪಾಲಿಗೆ ನಿರಪರಾಧಿ, ತಮ್ಮ ಪಾಲಿಗೆ ನಿರುಪಯೋಗಿ,
ಪಂಚಾಕ್ಷರಪ್ಪ, ಬಿ.ಎ.
ಆದಿವಾಲ, ಹಿರಿಯೂರು ತಾಲ್ಲೂಕು