ಎಡ ಹುಬ್ಬಿನ ಗುಳಿ

ಸೆವ್ಲಿಯೆವೊ,
ಮಂಗಳವಾರ, ೨೧ ಡಿಸೆಂಬರ್ ೧೯೭೧

ಪ್ರೀತಿಯ ರಾಲಿತ್ಸಾ,

ನೀನು ರೂಸೆಗೆ ಹೋಗುವ ಬಸ್ಸು ಹತ್ತಿ ಮೂರು ದಿನವಾಯಿತು. ಅಂದೇ ಕಾಗದ ಬರೆಯುತ್ತೇನೆ ಎಂದು ಬಸ್ಸಿನ ಕಿಟಕಿಗೆ ಬಾಯಿಟ್ಟು ಕೂಗಿದವಳು ನಾನೇ. ತಪ್ಪಾಯಿತು, ಬೈದುಕೋ. ನನ್ನ ಎರಡು ಕೈಗೂ ಮೊಣಕೈವರೆಗೆ ಗುಳ್ಳೆಗೆ ಬಳಿಯುವ ನೇರಳೆ ಔಷಧಿಯಾಗಿದೆ. ಈ ಹಾಳೆಯ ಅಂಚಿನಲ್ಲಿರುವ ಹೆಬ್ಬೆಟ್ಟಿನ ಗುರುತೂ ಅದರದೇ. ವಿದಾ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆಯೇ? ನನ್ನ ಮಗಳೆಂದು ಮುಚ್ಚಿಡುವುದಿಲ್ಲ, ಅವಳಿಗೆ ಸೂಪಿಗೆ ಉಪ್ಪು ಹಾಕುವುದು ಮರೆತೇ ಹೋಗುತ್ತದೆ. ನೀನೇ ಎದ್ದು ಹಾಕಿಕೋ. ಎಂಟು ತಿಂಗಳ ಹೊಟ್ಟೆಯ ಜೊತೆಗೆ ಸಂಕೋಚವನ್ನೂ ಹೊರಬೇಡ.

ಮಕ್ಕಳು ಚೆನ್ನಾಗಿದ್ದಾರೆ. ಸೀತಾಳೆ ಸಿಡುಬು ಬಂದ ಮಕ್ಕಳು ಎಷ್ಟು ಚೆನ್ನಾಗಿರಬಹುದೋ ಅಷ್ಟು. ಬಿಸೆರನಿಗೆ ನಿನ್ನೆಯಿಂದ ಜ್ವರವಿಲ್ಲ. ದೋನ್ಕಾಗೆ ಇನ್ನೂ ಮೈ ಬೆಚ್ಚಗಿದೆ. ರಾಲಿತ್ಸಾ, ನಾನು ಮೂವರನ್ನು ಹೆತ್ತವಳು, ಇದನ್ನೆಲ್ಲ ನೋಡದವಳೇನಲ್ಲ. ಆದರೂ ಈ ಸಲ ಬೆರಗಾಗಿ ಕುಳಿತಿದ್ದೇನೆ. ಭಾನುವಾರ ಬೆಳಿಗ್ಗೆ ದೋನ್ಕಾಳ ಅಂಗಿ ಎತ್ತಿದರೆ ಬೆನ್ನು ನುಣ್ಣಗಿತ್ತು. ಅವಳಿಗೆ ಹಾಲು ಕುಡಿಸಿ, ಒಲೆಗೆ ಸೌದೆ ಒಟ್ಟಿ ಬರುವಷ್ಟರಲ್ಲಿ ಹದಿನೇಳು. ನೋಡುತ್ತ ನೋಡುತ್ತ ಒಂದೊಂದರಲ್ಲೂ ನೀರು ತುಂಬಿ, ಹುಲ್ಲಿನ ಮೇಲಿನ ಇಬ್ಬನಿಯಂತೆ ನಿಂತವು. ಯಾರು ಬಿತ್ತಿದರು, ಎಲ್ಲಿಂದ ಬಿತ್ತಿದರು? ಇಷ್ಟು ವರ್ಷ ಮಕ್ಕಳ ಮೈ ತೊಳೆದಿದ್ದೇನೆ, ಒಂದು ಗುಳ್ಳೆ ಹುಟ್ಟುವುದನ್ನು ಹೀಗೆ ಕುಳಿತು ನೋಡಿರಲಿಲ್ಲ.

ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತಲ್ಲ. ಸಿಡುಬು ತರುವ ಶಾರ್ಕಾ ಅಜ್ಜಿ ಮನೆಯಲ್ಲಿರುವಾಗ ಅವಳ ಹೆಸರೆತ್ತಬಾರದು, ‘ಸಿಹಿಯವಳು, ಜೇನಿನವಳು’ ಎನ್ನಬೇಕು, ಬೈಯಬಾರದು. ಬಿಸೆರನಿಗೆ ಹೇಳಿಕೊಟ್ಟೆ. ಆರು ವರ್ಷದ ವಕೀಲ ಸುಮ್ಮನಿರುತ್ತಾನೆಯೇ?

"ಅಜ್ಜೀ, ಜೇನಿನವ್ಳು ನಮ್ಮನೇಲಿ ಎಷ್ಟು ದಿನ ಇರ್ತಾಳೆ?"

"ಒಂದ್ ವಾರ, ಹತ್ತು ದಿನ."

"ಮತ್ತೆ ಮಲಗೋದೆಲ್ಲಿ?"

"ನಿನ್ ಬೆನ್ ಮೇಲೆ ಕಣೋ."

"ಹಂಗಾದ್ರೆ ಒದೀತಾಳೆ ಅಂತ ಹೇಳು. ನೆಂಟ್ರು ಯಾರಾದ್ರೂ ಒದೀತಾರಾ?"

ಡಾಕ್ಟರ್ ಇಲ್ಚೆವ್ ದಿನವೂ ಬರುತ್ತಾರೆ. "ಸ್ಟೋಯ್ನಮ್ಮ, ನೀರು ಮುಟ್ಟಿಸ್ಬಾರ್ದು ಅನ್ನೋ ಕಾಲ ಹೋಯ್ತು. ತೌಡು ನೆನೆಸಿದ ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸಿ. ಉಗುರು ಕತ್ತರಿಸಿ. ನಿಮ್ ಅಜ್ಜಿ ಬೇಜಾರಾದ್ರೆ ನನ್ ಹತ್ರ ಕಳ್ಸಿ, ನಾನು ಸಮಾಧಾನ ಮಾಡ್ತೀನಿ" ಅಂದರು. ಒರೆಸಿದೆ. ಮಕ್ಕಳಿಬ್ಬರೂ ಹಾಯಾಗಿ ನಿದ್ದೆ ಹೋದರು. ಅಜ್ಜಿ ಬೇಜಾರಾದ ಹಾಗೆ ಕಾಣಲಿಲ್ಲ.

ದೋನ್ಕಾಳ ಕೈಗೆ ಅವಳಪ್ಪನ ಕಾಲುಚೀಲ ಕಟ್ಟಿದ್ದೆ. ಕಿತ್ತೆಸೆದಳು. ಆಗ ಬಿಸೆರ ಏನು ಮಾಡಿದ ಗೊತ್ತೇ? ತನ್ನ ಮೈಯೆಲ್ಲ ಬೆಂಕಿಯಂತೆ ತುರಿಸುತ್ತಿದ್ದರೂ ತಂಗಿಯ ಎರಡು ಕೈಯನ್ನೂ ತನ್ನ ಎರಡು ಕೈಯಲ್ಲಿ ಹಿಡಿದುಕೊಂಡು ಮಧ್ಯಾಹ್ನವೆಲ್ಲ ಕುಳಿತ. ಅವಳೂ ಕೆರೆದುಕೊಳ್ಳಲಿಲ್ಲ, ಇವನೂ ಕೆರೆದುಕೊಳ್ಳಲಿಲ್ಲ. ನಾನು ಬಾಗಿಲಲ್ಲಿ ಸೌದೆ ಹಿಡಿದು ನಿಂತೇ ಇದ್ದೆ. ಇಂಥ ಬುದ್ಧಿ ಅವನಿಗೆ ಎಲ್ಲಿಂದ ಬಂತು? ನನ್ನ ಮಗ ತೊದೋರನಿಂದಂತೂ ಅಲ್ಲ.

ಎಲ್ಲಿಂದ ಅಂಟಿತೋ ಏನೋ. ಶಾಲೆಯ ಹೊಸವರ್ಷದ ನಾಟಕದ ತಾಲೀಮಿಗೆ ಕಳಿಸಿದ್ದೇ ತಪ್ಪಾಯಿತು ಎಂದು ಬಸ್ಸು ಹತ್ತುವವರೆಗೂ ಅಳುತ್ತಿದ್ದೆಯಲ್ಲ, ಅದನ್ನು ಬಿಡು.

ನಿನ್ನ ಎದೆಯಲ್ಲಿ ಕುಳಿತಿರುವುದು ನನ್ನ ಎದೆಯಲ್ಲೂ ಕುಳಿತಿದೆ. ಶನಿವಾರ ಡಾಕ್ಟರು ಕೇಳಿದರಲ್ಲ, "ನಿಮಗೆ ಚಿಕ್ಕಂದಿನಲ್ಲಿ ಬಂದು ಹೋಗಿದೆಯಾ? ಹೋಗಿದ್ರೆ ಭಯ ಇಲ್ಲ. ಇಲ್ದಿದ್ರೆ, ಮಕ್ಕಳ ಜೊತೆ ಇಷ್ಟು ದಿನ ಇದ್ದೀರಿ, ಹೆರಿಗೆ ಹೊತ್ತಿಗೇ ನಿಮಗೆ ಏಳಬಹುದು. ಕೂಸಿಗೆ ಅದು ಕಷ್ಟ." ನೀನು ಚೀಲಕ್ಕೆ ಬಟ್ಟೆ ತುಂಬುತ್ತ ಹೇಳಿದೆ: "ಗೊತ್ತಿಲ್ಲ. ಯಾರನ್ನ ಕೇಳ್ಲಿ?" ದನಿಯೆತ್ತಿ ಹೇಳಲಿಲ್ಲ. ಆದರೆ ಅನಾಥಾಲಯದಲ್ಲಿ ಬೆಳೆದವಳು ನೀನು ಎಂಬುದು ಏಳು ವರ್ಷದಲ್ಲಿ ಅಂದೇ ನನಗೆ ಅರ್ಥವಾದದ್ದು. ತೊದೋರನಿಗೆ ಯಾವ ತಿಂಗಳಲ್ಲಿ ದಡಾರ ಬಂತು, ಯಾವ ಹಲ್ಲು ಮೊದಲು ಬಿತ್ತು, ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ನಿನಗೆ ಕೇಳಲು ಒಂದು ಬಾಗಿಲಿಲ್ಲ.

ಆ ಬಾಗಿಲನ್ನು ನಾನು ಹುಡುಕುತ್ತೇನೆ. ಶುಕ್ರವಾರ ಪಕ್ಕದ ಮನೆಯ ಗಿನಾ ಮಕ್ಕಳ ಹತ್ತಿರ ಕೂರುತ್ತಾಳೆ. ಅವಳ ಹುಡುಗಿಗೂ ಮೊನ್ನೆ ಮೊನ್ನೆ ವಾಸಿಯಾಗಿದೆ, ಅವಳಿಗೆ ಹೆದರಿಕೆಯಿಲ್ಲ. ನೀನು ಬೆಳೆದ ಊರಿಗೆ ಎರಡು ಬಸ್ಸು ಬದಲಿಸಬೇಕಂತೆ. ಬದಲಿಸುತ್ತೇನೆ.

ಉಪ್ಪು ಮರೆಯಬೇಡ.

ಸ್ಟೋಯ್ನಾ


ಸೆವ್ಲಿಯೆವೊ,
ಸೋಮವಾರ, ೨೭ ಡಿಸೆಂಬರ್ ೧೯೭೧

ಪ್ರೀತಿಯ ರಾಲಿತ್ಸಾ,

ತಂತಿ ತಲುಪಿರಬೇಕು. ‘ಮೂರೂವರೆ ವರ್ಷಕ್ಕೇ ಬಂದು ಹೋಗಿದೆ. ನೆಮ್ಮದಿಯಿಂದಿರು’ ಎಂದು ಬರೆಸಿದ್ದಕ್ಕೆ ಅಂಚೆಯ ಹುಡುಗಿ, "ಏನಜ್ಜೀ, ಏನ್ ಬಂದ್ ಹೋಯ್ತು?" ಎಂದು ಮೂಗು ತೂರಿಸಿದಳು. "ಜೇನಿನವ್ಳು" ಎಂದು ಬಂದುಬಿಟ್ಟೆ. ತಂತಿಯಲ್ಲಿ ಹಿಡಿಸದಿದ್ದುದನ್ನು ಈಗ ಬರೆಯುತ್ತೇನೆ. ತಡವಾಯಿತು, ಮನ್ನಿಸು. ಎರಡು ದಿನ ಲೇಖನಿ ಹಿಡಿದು ಹಿಡಿದು ಕೆಳಗಿಟ್ಟೆ.

ಅನಾಥಾಲಯದ ಕಚೇರಿಯಲ್ಲಿ ಕನ್ನಡಕದ ಹೆಂಗಸೊಬ್ಬಳು, "ಹಳೇ ದಾಖಲೆ ಇಲ್ಲ ಕಣಮ್ಮ, ಹತ್ತು ವರ್ಷದ್ದು ಮಾತ್ರ ಇಲ್ಲಿರೋದು. ನೀವು ಅವ್ಳಿಗೆ ಏನಾಗ್ಬೇಕು?" ಎಂದಳು. ‘ಅತ್ತೆ’ ಅನ್ನಬೇಕಿತ್ತು. ಬಾಯಿಗೆ ಬಂದದ್ದು, "ಅವ್ಳ ಮನೆಯವ್ಳು." ಅಷ್ಟಕ್ಕೇ ಅವಳು ಎದ್ದು ನನ್ನನ್ನು ಹಿಂದಿನ ಬೀದಿಗೆ ಕರೆದೊಯ್ದಳು. ಅಲ್ಲಿ ಪೆನಾ ಎಂಬ ಮುದುಕಿ ಇದ್ದಾಳೆ. ಮೂವತ್ತು ವರ್ಷ ಆಯಾ ಆಗಿದ್ದವಳು. ಈಗ ಕಣ್ಣು ಅರ್ಧ ಮಂಜು. ಮೆಣಸಿನಕಾಯಿಯ ಸರ ಬಿಚ್ಚುತ್ತ ಕುಳಿತಿದ್ದಳು.

ನಿನ್ನ ಹೆಸರು ಹೇಳಿದೆ. ಅವಳ ಕೈ ನಿಂತಿತು.

"ಯಾವ್ ರಾಲಿತ್ಸಾ? ಎಡಗಡೆ ಹುಬ್ಬಲ್ಲಿ ಗುಳಿ ಇರೋ ರಾಲಿತ್ಸಾನಾ?"

ಹೌದೆಂದೆ. ಏಳು ವರ್ಷ ಊಟದ ಮೇಜಿನಲ್ಲಿ ನಿನ್ನ ಎದುರೇ ಕುಳಿತಿದ್ದೇನೆ. ಆ ಗುಳಿಯನ್ನು ದಿನವೂ ನೋಡಿದ್ದೇನೆ. ಎಲ್ಲೋ ಬಿದ್ದಿರಬೇಕು ಎಂದುಕೊಂಡಿದ್ದೆ. ಹೇಗಾಯಿತು ಎಂದು ಒಮ್ಮೆಯೂ ಕೇಳಿದವಳಲ್ಲ.

"ಅದು ಬೀಳೋಕೆ ನಾನೇ ಕಾರಣ" ಎಂದಳು ಪೆನಾ. "ನಲವತ್ತು ಮಕ್ಕಳಿಗೆ ಒಟ್ಟಿಗೇ ಎದ್ದಿತ್ತು ಆ ವಸಂತದಲ್ಲಿ. ನಾವಿದ್ದಿದ್ದು ಮೂರೇ ಜನ. ಎಲ್ರನ್ನೂ ಸಾಲಾಗಿ ನಿಲ್ಸಿ ನೇರಳೆ ಬಳೀತಿದ್ವಿ, ಬೇಲಿಗೆ ಬಣ್ಣ ಬಳ್ದಂಗೆ. ಮೂರೂವರೆ ವರ್ಷದ ಈ ಹುಡುಗಿ ಮಾತ್ರ ಅಳ್ತಾನೇ ಇರ್ಲಿಲ್ಲ. ಅಳೋರ ಹತ್ರ ನಾವು ಓಡ್ತಿದ್ವಿ. ಇವ್ಳು ಸುಮ್ನೆ ಕೂತು ಹುಬ್ಬಿನ ಗುಳ್ಳೆ ಕಿತ್ಕೊಂಡಿದ್ಲು. ರಕ್ತ ನೋಡಿ ಓಡ್ ಬಂದೆ. ‘ಯಾಕೇ ಕೂಸೇ’ ಅಂದ್ರೆ, ‘ನೀನು ಬರ್ಲಿ ಅಂತ’ ಅಂದ್ಲು."

ಅವಳು ಮೂಗು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ. ತಪ್ಪನ್ನು ಇಬ್ಬರೂ ಮೆಣಸಿನಕಾಯಿಯ ಮೇಲೆ ಹಾಕಿದೆವು.

ಆಮೇಲೆ ಪೆನಾ ವಾಸಿಯಾಗುವವರೆಗೂ ಸಂಜೆಯ ಊಟವಾದ ಮೇಲೆ ನಿನ್ನ ಮಂಚದ ಮೇಲೆ ಕುಳಿತು ಕೈ ಹಿಡಿದುಕೊಳ್ಳುತ್ತಿದ್ದಳಂತೆ. ಎರಡು ಕೈಯಲ್ಲಿ ಎರಡು ಕೈ, ಕೆರೆದುಕೊಳ್ಳದ ಹಾಗೆ. ಕೇಳಿದೆಯಾ, ರಾಲಿತ್ಸಾ? ಬಿಸೆರನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದುಕೊಂಡಿದ್ದೆ. ನಿನಗೆ ನೆನಪಿಲ್ಲದಿರಬಹುದು, ನಿನ್ನ ಕೈಗೆ ನೆನಪಿದೆ. ಜ್ವರ ಬಂದಾಗಲೆಲ್ಲ ನೀನು ಅವನನ್ನು ಹಿಡಿದಿರಬೇಕು, ಅವನು ತಂಗಿಯನ್ನು ಹಿಡಿದ. ಆ ಮುದುಕಿ ಇಪ್ಪತ್ತೆರಡು ವರ್ಷದ ಹಿಂದೆ ಹಿಡಿದ ಕೈ ಮೊನ್ನೆ ನನ್ನ ಮೊಮ್ಮಗಳನ್ನು ಕಾಪಾಡಿದೆ.

ಹೊರಡುವಾಗ ಪೆನಾ ಕೇಳಿದಳು, "ಈಗ್ಲೂ ಹೆಬ್ಬೆರಳನ್ನ ಮುಷ್ಟಿ ಒಳಗಿಟ್ಕೊಂಡೇ ಮಲಗ್ತಾಳಾ?" ನನಗೆ ಗೊತ್ತಿಲ್ಲ ಎಂದೆ, ನಾಚಿಕೆಯಾಯಿತು. ಮನೆಗೆ ಬಂದು ನೋಡಿದರೆ ದೋನ್ಕಾ ಮೈತುಂಬ ನೇರಳೆ ಚುಕ್ಕೆ ಹೊತ್ತು ಹಾಗೆಯೇ ಮಲಗಿದ್ದಳು. ಈ ಹುಡುಗಿ ಯಾರನ್ನೂ ಹೋಲುವುದಿಲ್ಲ, ನಮ್ಮ ವಂಶದವಳೇ ಅಲ್ಲ ಎಂದು ಮೂರು ವರ್ಷ ಆಡಿಕೊಂಡಿದ್ದೇನೆ. ಯಾರನ್ನು ಹೋಲುತ್ತಾಳೆಂದು ಈಗ ನೋಡಿದೆ.

ಡಾಕ್ಟರ್ ಇಲ್ಚೆವ್ ಗುಳಿಯ ಕಥೆ ಕೇಳಿ ನಕ್ಕು, "ಇದಕ್ಕಿಂತ ಒಳ್ಳೇ ದಾಖಲೆ ಯಾವ ಕಚೇರೀಲಿ ಇದೆ? ಕರ್ಸಿಕೊಳ್ಳಿ ಸೊಸೆನ" ಎಂದರು. ಇಬ್ಬರ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟಿವೆ. ಗುರುವಾರ ತೊದೋರ ಕಾರ್ಖಾನೆಯ ಲಾರಿಯಲ್ಲಿ ರೂಸೆಗೆ ಬರುತ್ತಾನೆ. ಮುಂದಿನ ಸೀಟಿನಲ್ಲಿ ಕುಳಿತು ಬಾ, ಬೆನ್ನಿಗೆ ದಿಂಬು ಕಳಿಸುತ್ತೇನೆ. ಹೊಸವರ್ಷದ ಬೆಳಿಗ್ಗೆ ಎಲ್ಲರ ಬೆನ್ನಿಗೂ ತಟ್ಟಿ ಹರಸಲು ಬಿಸೆರ ಕೊಂಬೆ ಸಿಂಗರಿಸುತ್ತಿದ್ದಾನೆ. ಅಮ್ಮನ ಬೆನ್ನಿಗೆ ಮೆಲ್ಲಗೆ, ಅಜ್ಜಿಗೆ ಜೋರಾಗಿ ಎಂದು ಈಗಲೇ ತೀರ್ಮಾನಿಸಿದ್ದಾನೆ. ಆ ಕೊಂಬೆಯಂತೆ ಗಟ್ಟಿಯಾಗಿರು, ಹೊಟ್ಟೆಯ ಕೂಸು ತುಂಬು ತಿಂಗಳಲ್ಲಿ ಸುಖವಾಗಿ ಇಳಿಯಲಿ, ನಿನ್ನ ಮನೆಯ ಹೊಸ್ತಿಲು ನಿನ್ನ ಹೆಜ್ಜೆ ಕೇಳಲಿ.

ನಿನ್ನ ಮನೆಯವಳು,
ಸ್ಟೋಯ್ನಾ

ಮರೆತ ಮಾತು: ಮರೆತದ್ದಲ್ಲ, ಎರಡು ದಿನ ಲೇಖನಿ ಕೆಳಗಿಟ್ಟದ್ದು ಇದಕ್ಕೇ. ಸಿಡುಬು ಶಾಲೆಯ ನಾಟಕದಿಂದ ಬಂದದ್ದಲ್ಲ. ಡಿಸೆಂಬರ್ ನಾಲ್ಕಕ್ಕೆ ವರ್ವಾರಾ ಹಬ್ಬವಿತ್ತಲ್ಲ, ಶಾರ್ಕಾ ಅಜ್ಜಿಯ ಬಾಯಿ ಸಿಹಿಯಾಗಲೆಂದು ಜೇನು ಸವರಿದ ರೊಟ್ಟಿ ಹಂಚುವ ದಿನ. ನೀನು ಕೆಲಸಕ್ಕೆ ಹೋಗಿದ್ದೆ. ಗಿನಾಳ ಹುಡುಗಿಗೆ ಗುಳ್ಳೆ ಎದ್ದಿತ್ತು. ನಾನೇ ಇಬ್ಬರನ್ನೂ ಕರೆದೊಯ್ದು ಅವಳ ಹಾಸಿಗೆಯ ಮೇಲೆ ಕೂರಿಸಿ, ಅವಳು ಕಚ್ಚಿದ ರೊಟ್ಟಿಯನ್ನೇ ತಿನ್ನಿಸಿದೆ. ಸಿಹಿಯ ದಿನ ಅಂಟಿದರೆ ಹಗುರಾಗಿ ಹೋಗುತ್ತದೆ, ಕೂಸು ಹುಟ್ಟುವ ಮೊದಲೇ ಮುಗಿಯಲಿ ಎಂದು. ನಮ್ಮ ಅಮ್ಮಂದಿರು ಹಾಗೇ ಮಾಡುತ್ತಿದ್ದರು. ನೀನು ನಿನ್ನನ್ನೇ ಬೈದುಕೊಂಡು ಅಳುವಾಗ ಬಾಯಿ ಬಿಡಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ತೊದೋರನಿಗೆ ಇನ್ನೂ ಗೊತ್ತಿಲ್ಲ, ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಅಂದು ಗಿನಾ ಕೇಳಿದ್ದಳು, "ನಿಮ್ಮನೇಲಿ ದೊಡ್ಡೋರಿಗೆಲ್ಲ ಬಂದ್ ಹೋಗಿದ್ಯಾ?" ನಾನು ಬೆರಳು ಮಡಿಸಿ ಎಣಿಸಿದೆ. ನನಗಾಗಿದೆ, ತೊದೋರನಿಗಾಗಿದೆ. "ಎಲ್ರಿಗೂ ಆಗಿದೆ" ಎಂದೆ. ನಿನ್ನನ್ನು ಎಣಿಸಲಿಲ್ಲ, ರಾಲಿತ್ಸಾ.