ಎಡಗಡೆ ಸೀಟಿನವನ ಆಕ್ಷೇಪಣೆ

ಮಾರ್ಚ್ ಹನ್ನೊಂದು, ಮಂಗಳವಾರ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೋಣೆ, ಊಟದ ಬಿಡುವು. ಮುಂದಿನ ಸೋಮವಾರ ನಿಮ್ಮ ಕಚೇರಿಯಲ್ಲಿ ವಿಚಾರಣೆ.

ಮಾನ್ಯ ವಾಹನ ನೋಂದಣಾಧಿಕಾರಿಗಳೇ,

ನನ್ನ ತಂದೆಯ ಹಳೆಯ ಲಾರಿಗೆ ತಾವು ಪಾರಂಪರಿಕ ವಾಹನವೆಂಬ ಮಾನ್ಯತೆ ಕೊಟ್ಟಿದ್ದೀರಿ. ‘ವಾಹನವು ಮೂಲ ಸ್ಥಿತಿಯಲ್ಲಿದೆ’ ಎಂದು ಪ್ರಮಾಣಪತ್ರದಲ್ಲಿ ಬರೆದು ಮೊಹರು ಒತ್ತಿದ್ದೀರಿ. ಅದು ಮೂಲ ಸ್ಥಿತಿಯಲ್ಲಿಲ್ಲ. ಅದರ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಲಾಗಿದೆ. ಕೈಯಿಂದ ಗೇರ್ ಬದಲಿಸುವ ಪೆಟ್ಟಿಗೆಯನ್ನು ಕಿತ್ತು, ತನ್ನಷ್ಟಕ್ಕೆ ತಾನೇ ಗೇರ್ ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಹಾಕಲಾಗಿದೆ. ಈ ಬಗ್ಗೆ ನಿಮಗೆ ಆಕ್ಷೇಪಣೆ ಬರೆದು, ಮಾನ್ಯತೆಯನ್ನು ರದ್ದು ಮಾಡಿ ಎಂದು ಕೇಳಿದವನು ನಾನೇ. ಆಕ್ಷೇಪಣೆ ಸಲ್ಲಿಸಿದವರ ಹೆಸರನ್ನು ಗುಟ್ಟಾಗಿಡುವ ನಿಮ್ಮ ಕಚೇರಿಯ ಸೌಜನ್ಯ ದೊಡ್ಡದು. ಅದರಲ್ಲಿ ಒಂದು ಚೂರನ್ನು ಬಾನೆಟ್ ಎತ್ತಿ ನೋಡುವುದಕ್ಕೆ ಖರ್ಚು ಮಾಡಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ನಿಮ್ಮ ತಪಾಸಣೆಯವರು ನೋಡಿದ್ದಾದರೂ ಏನನ್ನು? ಉದ್ದ ಮೂತಿ, ದುಂಡು ದೀಪಗಳು, ಹಿಂಬದಿಯ ಮರದ ಹಲಗೆಗಳು, ಎಲೆಹಸಿರು ಬಣ್ಣ. ಹೊದಿಕೆ ನೋಡಿ ಪುಸ್ತಕ ವಿಮರ್ಶೆ ಬರೆಯುವವರನ್ನು ನಾನು ಬಲ್ಲೆ, ಆದರೆ ಅವರ ಕೈಗೆ ಯಾರೂ ಸರ್ಕಾರಿ ಮೊಹರು ಕೊಟ್ಟಿಲ್ಲ. ನಿಮ್ಮ ತಪಾಸಣೆಯವರ ಕಣ್ಣೆದುರಿಗೇ ಲಾರಿ ಸ್ಟಾರ್ಟ್ ಮಾಡಲಾಯಿತಂತೆ. ಡೀಸೆಲ್ ಎಂಜಿನ್ ಬೀದಿಯ ಕೊನೆಯವರೆಗೂ ತನ್ನ ಕುಲಗೋತ್ರ ಹೇಳಿಕೊಳ್ಳುತ್ತದೆ. ಅವರ ಕಿವಿ ಆಗ ಯಾವ ಇಲಾಖೆಗೆ ಎರವಲು ಹೋಗಿತ್ತು?

ಇಷ್ಟು ಸಿಟ್ಟು ಲಾರಿಯ ಮೇಲಿನ ಅಭಿಮಾನದಿಂದಲೇ ಎಂದು ನೀವು ಕೇಳಬಹುದು. ಕೇಳಲಾರಿರಿ, ಕೇಳುವುದು ನಿಮ್ಮ ಅಭ್ಯಾಸವಲ್ಲ. ಆದರೂ ಹೇಳುತ್ತೇನೆ.

ಅಪ್ಪ ಮನೆ ಬದಲಿಸುವವರ ಸಾಮಾನು ಸಾಗಿಸುತ್ತಿದ್ದರು. ಒಮ್ಮೆ ಯಾರದೋ ಬೀರು ಇಳಿಸುವಾಗ ಜಾರಿ ಬಿದ್ದು ಎಡಭುಜ ಮುರಿಯಿತು. ಮೂಳೆ ಕೂಡಿಕೊಂಡರೂ ಕೈಗೆ ಗೇರ್ ಕೋಲನ್ನು ತಳ್ಳುವ ಬಲ ಮರಳಲಿಲ್ಲ. ಕಾಲುಗಳು ಗಟ್ಟಿ, ಬಲಗೈ ಗಟ್ಟಿ, ಲಾರಿ ಬಿಡುವ ಮನಸ್ಸಂತೂ ಇಲ್ಲವೇ ಇಲ್ಲ. ಹಾಗಾಗಿ ಭಾನುವಾರಗಳಂದು ಅಪ್ಪನ ಎಡಗೈ ನಾನಾದೆ. ಆ ಲಾರಿಯಲ್ಲಿ ಒಂದು ಗೇರ್ ಬದಲಿಸಲು ಕ್ಲಚ್ಚನ್ನು ಎರಡು ಸಲ ತುಳಿಯಬೇಕು. ಅಪ್ಪ ತುಳಿದು ‘ಹೂಂ’ ಅಂದರೆ ಎಡಗಡೆ ಸೀಟಿನಲ್ಲಿ ಕೂತ ನಾನು ಬಲಗೈಯಿಂದ ಕೋಲನ್ನು ನಡುವಿಗೆ ತರುತ್ತಿದ್ದೆ. ಮತ್ತೆ ತುಳಿದು ‘ಹೂಂ’ ಅಂದರೆ ಮುಂದಿನ ಗೇರಿಗೆ ಹಾಕುತ್ತಿದ್ದೆ. ಒಂದು ಲಾರಿಯನ್ನು ಇಬ್ಬರು ಓಡಿಸುವುದು ಯಾವ ನಿಯಮಕ್ಕೆ ವಿರುದ್ಧವೆಂದು ಹುಡುಕಿ ಪ್ರತ್ಯೇಕ ನೋಟಿಸು ಕಳಿಸಿ, ಅಡ್ಡಿಯಿಲ್ಲ. ಅಪ್ಪ ಮಾತಿನ ಮನುಷ್ಯರಲ್ಲ, ನಾನೂ ಅಲ್ಲ. ಒಂದು ‘ಹೂಂ’ಗೂ ಇನ್ನೊಂದಕ್ಕೂ ನಡುವೆ, ಎಂಜಿನ್ ಯಾವ ಗೇರಿನಲ್ಲೂ ಇಲ್ಲದ ಆ ಕ್ಷಣದಲ್ಲಿ, ನಾವಿಬ್ಬರೂ ಒಂದೇ ಕೆಲಸದಲ್ಲಿರುತ್ತಿದ್ದೆವು. ನಮ್ಮ ನಡುವೆ ಅದಕ್ಕಿಂತ ದೊಡ್ಡ ಸಂಭಾಷಣೆ ಆದದ್ದು ನನಗೆ ನೆನಪಿಲ್ಲ.

ಆಮೇಲೆ ನನ್ನ ತಂಗಿ ಅಪ್ಪನ ಕಷ್ಟ ಪರಿಹರಿಸಿದಳು.

ಅವಳಿಗೆ ಸ್ವಂತ ಗ್ಯಾರೇಜಿದೆ. ಅಪಘಾತದಲ್ಲಿ ನುಜ್ಜುಗುಜ್ಜಾದ ವ್ಯಾನೊಂದರ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ತಂದಳು. ಹಳೆಯ ಚಾಸಿಯ ಚೌಕಟ್ಟಿಗೆ ಹೊಸ ಎಂಜಿನ್ ಕೂರುವಂತೆ ತಾನೇ ಬ್ರಾಕೆಟ್ ಕೊಯ್ದು ಬೆಸುಗೆ ಹಾಕಿದಳು. ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟ್ ಉದ್ದವಾಯಿತೆಂದು ಕತ್ತರಿಸಿ ಗಿಡ್ಡ ಮಾಡಿಸಿದಳು. ದೊಡ್ಡ ರೇಡಿಯೇಟರನ್ನು ಹಳೆಯ ಜಾಲರಿಯ ಹಿಂದೆ ಹೊರಗೆ ಕಾಣದಂತೆ ಅಡಗಿಸಿದಳು. ಕೆಲಸದಲ್ಲಿ ಒಂದಾದರೂ ತಪ್ಪು ಸಿಗಲೆಂದು ಗ್ಯಾರೇಜಿನ ನೆಲದ ಮೇಲೆ ಅಂಗಾತ ಮಲಗಿ, ಟಾರ್ಚು ಹಿಡಿದು ನೋಡಿದ್ದೇನೆ. ತಪ್ಪು ಹುಡುಕುವುದೇ ನನ್ನ ಕಸುಬು. ಸಿಗಲಿಲ್ಲ. ಅಂಗಿಗೆ ಗ್ರೀಸ್ ಹತ್ತಿತು, ಅಷ್ಟೇ.

“ಏನಣ್ಣ, ಅಚ್ಚಿನ ದೋಷ ಏನಾದ್ರೂ ಸಿಕ್ತಾ?” ಅಂದಳು.

“ಒಳಗಿರೋದೆಲ್ಲ ಬೇರೆ ಆದ್ಮೇಲೆ ಅದು ಅಪ್ಪನ ಲಾರಿ ಹೇಗಾಗುತ್ತೆ?” ಅಂದೆ.

“ನೀನು ಓದೋ ಕಾದಂಬರಿಗಳೆಲ್ಲ ಅನುವಾದ ತಾನೇ? ಒಳಗೆ ಒಂದು ಪದಾನಾದ್ರೂ ಮೂಲ ಲೇಖಕ ಬರೆದಿದ್ದು ಇರುತ್ತಾ? ಆದ್ರೂ ಆ ಲೇಖಕನ್ನ ಓದಿದೀನಿ ಅಂತ ಮೀಸೆ ತಿರುವ್ತೀಯಲ್ಲ!”

ಇಪ್ಪತ್ತು ವರ್ಷಗಳ ಓದಿಗೆ ಅವಳು ಸ್ಪ್ಯಾನರ್ ಒರೆಸುತ್ತ ಉತ್ತರ ಕೊಟ್ಟಿದ್ದಳು. ನಿಮ್ಮ ಮೊಹರು ಬಿದ್ದ ದಿನ ನನಗೆ ಆಕ್ಷೇಪಣೆ ಹೊಳೆಯಿತು.

ಈಗ ಅಪ್ಪ ಒಬ್ಬರೇ ಲಾರಿ ಓಡಿಸುತ್ತಾರೆ. ಬೇಕೆನಿಸಿದ ದಿನ, ಬೇಕೆನಿಸಿದ ಕಡೆಗೆ. “ಬೆಣ್ಣೆ ಕಣೋ, ಬೆಣ್ಣೆ! ನನ್ನ ಮಗಳ ಕೈ ಅಂದ್ರೆ ಏನಂದ್ಕೊಂಡೆ?” ಎಂದು ಎದುರುಮನೆಯವರಿಗೆ, ಹಾಲಿನವನಿಗೆ, ಕೊನೆಗೆ ನನಗೂ ಹೇಳುತ್ತಾರೆ. ನನ್ನ ಕೈಯ ಬಗ್ಗೆ ಎಂದೂ ಯಾರಿಗೂ ಹೇಳಿದವರಲ್ಲ. ಎಡಗಡೆ ಸೀಟಿನಲ್ಲಿ ಈಗ ಅವರ ಟೋಪಿ, ಒಂದು ಫ್ಲಾಸ್ಕು. ಕಳೆದ ಭಾನುವಾರ “ಬಾರೋ, ಒಂದು ಸುತ್ತು ಹೋಗಿ ಬರೋಣ” ಎಂದು ಕರೆದರು. ತಿದ್ದಬೇಕಾದ ಕರಡು ಬಾಕಿ ಇದೆ ಎಂದೆ. ಬಾಕಿ ಇರಲಿಲ್ಲ. ಫ್ಲಾಸ್ಕಿನ ಮೇಲೆ ಹೊಟ್ಟೆಕಿಚ್ಚುಪಡುವ ಸ್ಥಿತಿಗೆ ಒಬ್ಬ ವಯಸ್ಕ ನಾಗರಿಕ ಬಂದಿದ್ದರೆ, ಅದರಲ್ಲಿ ನಿಮ್ಮ ಮೊಹರಿನ ಪಾಲೂ ಇದೆ.

ನಿನ್ನೆ ನಿಮ್ಮ ನೋಟಿಸು ಬಂತು. ‘ನಾಗರಿಕರೊಬ್ಬರ’ ಆಕ್ಷೇಪಣೆಯ ಮೇರೆಗೆ ವಿಚಾರಣೆ, ಲಾರಿಯನ್ನು ಹಾಜರುಪಡಿಸತಕ್ಕದ್ದು, ಮಾನ್ಯತೆ ರದ್ದಾದಲ್ಲಿ ವಯಸ್ಸು ಮೀರಿದ ವಾಹನವನ್ನು ರಸ್ತೆಗೆ ಇಳಿಸತಕ್ಕದ್ದಲ್ಲ. ಅಂದರೆ ಲಾರಿ ಶೆಡ್ಡಿಗೆ, ಅಪ್ಪ ಜಗುಲಿಗೆ. ಆಕ್ಷೇಪಣೆ ಬರೆಯುವಾಗ ಈ ನಿಯಮ ನನಗೆ ಗೊತ್ತಿತ್ತು. ಅಪ್ಪನ ಮುಖ ಹೇಗಾಗುತ್ತದೆ ಎಂಬುದು ಗೊತ್ತಿರಲಿಲ್ಲ.

ಅವರು ನೋಟಿಸನ್ನು ಮಡಚಿ ಜೇಬಿಗೆ ಹಾಕಿಕೊಂಡರು. “ಯಾರೋ ಹೊಟ್ಟೆಕಿಚ್ಚಿನ ನನ್ಮಗ ಬರೆದು ಹಾಕಿದಾನೆ ಕಣೋ,” ಅಂದರು.

‘ನನ್ಮಗ’ ಎಂಬುದನ್ನು ಅಪ್ಪ ಅಡ್ಡ ಬಂದ ಸೈಕಲ್ಲಿನವನಿಗೂ ಕೈಕೊಟ್ಟ ಗಿರಾಕಿಗೂ ಧಾರಾಳವಾಗಿ ಹಂಚಿದ್ದಾರೆ. ಅವರ ಬಾಯಲ್ಲಿ ಆ ಪದ ಬೈಗುಳ. ಕರಡು ತಿದ್ದುವವನಾಗಿ ಹೇಳುತ್ತೇನೆ: ಈ ಒಂದು ಸಲ ಅದು ಅಕ್ಷರಶಃ ಸರಿಯಾಗಿತ್ತು. ವಿಶೇಷಣವೂ ಸೇರಿ ತಿದ್ದುಪಡಿಗೆ ಜಾಗವೇ ಇರಲಿಲ್ಲ.

“ಸೋಮವಾರ ನೀನೂ ಬಾ,” ಎಂದರು. “ನಿಂಗೆ ಕಾಗದದ ಭಾಷೆ ಬರುತ್ತೆ. ಆ ನನ್ಮಗ ಅಲ್ಲಿಗೆ ಬಂದ್ರೆ ನಾಲ್ಕು ಮಾತು ಚೆನ್ನಾಗಿ ಕೇಳು.”

ಹೀಗಾಗಿ, ಮಾನ್ಯರೇ, ವಿಚಾರಣೆಯಲ್ಲಿ ಆಕ್ಷೇಪಣೆದಾರನೂ ಪ್ರತಿವಾದಿಯ ವಕೀಲನೂ ಒಂದೇ ಕುರ್ಚಿಯಲ್ಲಿ ಕೂರಲಿದ್ದಾರೆ. ಕುರ್ಚಿ ಗಟ್ಟಿಯಾಗಿರಲಿ.

ಮಾನ್ಯತೆ ರದ್ದಾಗಲಿ ಎಂಬ ಕೋರಿಕೆಯನ್ನು ನಾನು ಈ ಮೂಲಕ ಹಿಂಪಡೆಯುತ್ತಿದ್ದೇನೆ. ಗುಟ್ಟಾಗಿ ಕೊಟ್ಟದ್ದನ್ನು ಬಹಿರಂಗವಾಗಿಯೇ ವಾಪಸು ತೆಗೆದುಕೊಳ್ಳಬೇಕು. ಆದರೆ ಆ ಸಾಲನ್ನು ತಿದ್ದಿ. ಅನುವಾದಿತ ಪುಸ್ತಕದ ಒಳಪುಟದಲ್ಲಿ ಮೂಲ ಯಾರದು, ಅನುವಾದ ಯಾರದು ಎಂದು ಅಚ್ಚಾಗಿರುತ್ತದೆ. ಇಲ್ಲದಿದ್ದರೆ ಅದನ್ನು ಕಳ್ಳಮಾಲು ಎನ್ನುತ್ತಾರೆ. ಪ್ರಮಾಣಪತ್ರದಲ್ಲೂ ಹಾಗೆಯೇ ಬರೆಯಿರಿ: ಎಂಜಿನ್ ಮತ್ತು ಗೇರ್‌ಬಾಕ್ಸ್ ಬದಲಾಗಿವೆ, ಬದಲಿಸಿದವರು ಮಾಲೀಕರ ಮಗಳು. ಅವಳಿಗೆ ಸಲ್ಲಬೇಕಾದ ಹೆಸರನ್ನು ನಾನೇ ಹೋರಾಡಿ ಕೊಡಿಸಬೇಕಾಯಿತಲ್ಲ ಎಂದು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ. ಆದರೂ ಅಳಿಸುವುದಿಲ್ಲ.

ಈ ಪತ್ರವನ್ನು ಸೋಮವಾರವೇ ನಮ್ಮಲ್ಲಿ ಅಚ್ಚಾಗುವ ದಿನಪತ್ರಿಕೆಯಲ್ಲಿ ಪ್ರಕಟಿಸುವಂತೆ ಅದರ ಸಂಪಾದಕರನ್ನು ಕೇಳಿಕೊಂಡಿದ್ದೇನೆ. ಅಪ್ಪ ಪತ್ರಿಕೆ ಬಿಡಿಸುವುದು ಮಧ್ಯಾಹ್ನ ಊಟವಾದ ಮೇಲೆ. ಬೆಳಿಗ್ಗೆ ನಿಮ್ಮಲ್ಲಿಗೆ ಬರುವಾಗ ಟೋಪಿ, ಫ್ಲಾಸ್ಕುಗಳನ್ನು ತೊಡೆಯ ಮೇಲಿಟ್ಟುಕೊಂಡು ಎಡಗಡೆ ಸೀಟಿನಲ್ಲಿ ಕೂರುತ್ತೇನೆ, ನಿಮ್ಮ ಗೇಟು ಬರುವ ಮುಂಚೆ ಬರೆದವನು ನಾನೇ ಎಂದು ಹೇಳುತ್ತೇನೆ. ಇಷ್ಟನ್ನು ತೀರ್ಮಾನಿಸಿಯಾಗಿದೆ, ಇನ್ನೂ ಹೇಳಿಲ್ಲ. ಕೇಳಿ ಅಪ್ಪ ಬರೀ ‘ಹೂಂ’ ಅನ್ನಬಹುದು. ಆಗ ನನ್ನ ಬಲಗೈಯನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಇಂತಿ,
ಅಕ್ಷರಶಃ ಆ ನನ್ಮಗ